ಸವಳು ನೆಲದ ಸುಜಾತಾ ಮೇಡಂ

ಸುಜಾತಾ ಮೇಡಂ ಮಣ್ಣು ತಿನ್ನುತ್ತಿದ್ದರು. ತಿನ್ನುತ್ತಿದ್ದರು ಎಂದರೆ ಹೆಚ್ಚಾಯಿತು. ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಂತು ಉಗುಳುತ್ತಿದ್ದರು. ಆಮೇಲೆ ಹೆಗಲ ಚೀಲದಿಂದ ನೀರಿನ ಬಾಟಲಿ ತೆಗೆದು ಬಾಯಿ ಮುಕ್ಕಳಿಸುವರು. ಮತ್ತೆ ಅದೇ ಜಾಗದ ಇನ್ನೊಂದು ಚಿಟಿಕೆ. ಉಪ್ಪಿನಂಶ ಅಳೆಯುವ ಮೀಟರು ಅದೇ ಚೀಲದಲ್ಲಿ ಇರುತ್ತಿತ್ತು. ಅದರಲ್ಲೂ ಅಳೆಯುತ್ತಿದ್ದರು, ಅಂಕಿಯನ್ನೂ ಬರೆದುಕೊಳ್ಳುತ್ತಿದ್ದರು. ಆದರೆ ನಾಲಿಗೆಯ ಕೆಲಸ ಮುಗಿಯದೆ ಮೀಟರು ಹೊರಗೆ ಬರುತ್ತಿರಲಿಲ್ಲ.

"ಮೀಟರ್ ಐತೆಲ್ರಿ ಮೇಡಂ, ಮತ್ಯಾಕ ಈ ಉಸಾಬರಿ?" ಎಂದು ಮೊದಲ ದಿನವೇ ಕೇಳಿದ್ದೆ.

"ಮೀಟರ್ ಕಚೇರೀದ್ರಿ ಸರ್. ನಾಲಗಿ ನಂದು."

"ಎರಡೆರಡ ಸಲ ಯಾಕ ನೋಡ್ತೀರಿ?"

"ಮೊದಲನೇ ಸಲ ಬಾಯಾಗ ಮುಂಜಾನಿ ಚಹಾ ಇರತೈತಿ. ಮನಸಿನಾಗೂ ಏನರೆ ಒಂದ ಇರತೈತಿ. ಬಾಯಿ ತೊಳಕೊಂಡ ಮತ್ತ ನೋಡಬೇಕ್ರಿ."

'ಮತ್ತ ನೋಡ್ರಿ' ಎಂಬುದು ಅವರ ಮಾತಿಗೆಲ್ಲ ಬಾಲವಾಗಿತ್ತು. ಕಂದಕ ತೋಡುವ ಯಂತ್ರದವನಿಗೆ, ಪೈಪು ಪೂರೈಸುವ ಗುತ್ತಿಗೆದಾರನಿಗೆ, ತಮ್ಮದೇ ಲೆಕ್ಕಕ್ಕೆ, ನನ್ನ ವಾದಗಳಿಗೆ, ಎಲ್ಲಕ್ಕೂ ಅದೇ. ಅವರ ಬಗ್ಗೆ ಬರೆಯಲು ಕುಳಿತ ನನಗೂ ಈಗ ಅದೇ ಮಾತು ಅಡ್ಡ ಬರುತ್ತಿದೆ. ಹೊಲಕ್ಕೆ ಬರುವಾಗ ಕುರ್ತಾದ ಮೇಲೆ ಗಂಡಸರ ನೀಲಿ ಅಂಗಿ ಹಾಕಿಕೊಳ್ಳುತ್ತಿದ್ದರು ಎಂದು ಬರೆದೆ. ಫೋನಿನಲ್ಲಿ ಉಳಿದಿರುವ ಒಂದೇ ಚಿತ್ರ ತೆಗೆದು ನೋಡಿದರೆ ಅಂಗಿ ಕಂದು ಬಣ್ಣದ್ದು. ಅಂಗಿಯನ್ನೇ ತಪ್ಪಾಗಿ ಇಟ್ಟುಕೊಂಡವನು ಮಾತುಗಳನ್ನು ಎಷ್ಟು ಸರಿಯಾಗಿ ಇಟ್ಟುಕೊಂಡಿದ್ದೇನು? ಸತ್ತವರ ಬಾಯಿಗೆ ಮಾತು ತುಂಬುವುದು ಬಹಳ ಸುಲಭ. ಓದುವವರು ಈ ಅನುಮಾನವನ್ನು ಜೊತೆಗಿಟ್ಟುಕೊಂಡೇ ಓದಬೇಕು.

ಅವರು ಹುಕ್ಕೇರಿಯವರು. ನೀರಾವರಿಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಇಂಜಿನಿಯರ್. ನಾನು ಮಮದಾಪುರದವನು, ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ, ಮೂಡಲಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅವರ ಯೋಜನೆಗೆ ರೈತರ ಅಭಿಪ್ರಾಯ ಸಂಗ್ರಹಿಸುವವರು ಒಬ್ಬರು ಬೇಕಾಗಿದ್ದರು. ಯಾವ ಯೋಜನೆಯನ್ನೂ ನಂಬದ ನಾನು ಆ ಕೆಲಸಕ್ಕೆ ಸೇರಿದೆ. ನಂಬದವನೇ ಬೇಕು ಎಂದು ಅವರು ಹೇಳಿದರಂತೆ. ಹಾಗೆಂದು ಕಚೇರಿಯಲ್ಲಿ ಯಾರೋ ಹೇಳಿದ್ದು, ಅವರ ಬಾಯಿಂದ ನಾನು ಕೇಳಿದ್ದಲ್ಲ.

ಮೂಡಲಗಿ ಸುತ್ತಿನ ಕಬ್ಬಿನ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅಲ್ಲಿ ಒಂದು ಕೇಡು ನಡೆದಿದೆ ಎಂದು ಅನ್ನಿಸುವುದಿಲ್ಲ. ಧುಪದಾಳದ ಒಡ್ಡಿನಿಂದ ಹೊರಟ ಕಾಲುವೆಯ ನೀರು ಬರುತ್ತದೆ, ಕಬ್ಬು ಎದೆಯೆತ್ತರ ನಿಂತಿರುತ್ತದೆ. ಇಳಿದು ಒಳಗೆ ನಡೆದರೆ ನಡುನಡುವೆ ಬೆಳ್ಳಗಿನ ತುಂಡುಗಳು ಸಿಗುತ್ತವೆ, ಯಾರೋ ಸುಣ್ಣ ಚೆಲ್ಲಿ ಹೋದ ಹಾಗೆ. ಅದೇ ಸವಳು. ಕಾಲುವೆಯ ಪಾಳಿ ಬಂದಾಗ ಹೊಲ ಕೆರೆಯಾಗುವಷ್ಟು ನೀರು ಬಿಡುತ್ತಾರೆ. ಬರುವ ಪಾಳಿಗೆ ನೀರು ಬಂದೀತೆಂಬ ನಂಬಿಕೆ ಯಾರಿಗೂ ಇಲ್ಲ. ಆ ನೀರು ಕಪ್ಪು ಮಣ್ಣಿನ ಕೆಳಗೆ ನಿಂತು ನೆಲ ಜವಳಾಗುತ್ತದೆ. ಬಿಸಿಲು ಅದನ್ನು ಮೇಲಕ್ಕೆ ಎಳೆಯುವಾಗ ನೆಲದೊಳಗಿನ ಉಪ್ಪೂ ಜೊತೆಗೆ ಏರಿ ಬರುತ್ತದೆ. ಮೊದಲು ಕಬ್ಬು ಕುಳ್ಳಾಗುತ್ತದೆ, ಆಮೇಲೆ ಹಳದಿಯಾಗುತ್ತದೆ, ಕೊನೆಗೆ ಜಾಲಿಯೂ ಹುಟ್ಟುವುದಿಲ್ಲ. ನೀರಿಲ್ಲದೆ ಕೆಡುವ ಭೂಮಿಯ ಸಂಕಟ ಎಲ್ಲರಿಗೂ ಗೊತ್ತು. ನೀರು ಹೆಚ್ಚಾಗಿ ಸಾಯುವ ಭೂಮಿಗೆ ಅಳುವವರು ಕಡಿಮೆ.

ಮೇಡಂ ಇದಕ್ಕೆ ಹಿಡಿದ ದಾರಿ ಹೊಸದೇನಲ್ಲ, ಅವರ ಸಂಶೋಧನೆಯೂ ಅಲ್ಲ. ಎದೆಯಾಳದ ಕಂದಕ ತೋಡಿ, ಮೈತುಂಬ ತೂತುಗಳಿರುವ ಪೈಪಿಗೆ ಬಟ್ಟೆ ಸುತ್ತಿ ಹೂಳುವುದು. ನೆಲದೊಳಗೆ ನಿಂತ ನೀರು ಉಪ್ಪಿನ ಸಮೇತ ಪೈಪಿಗೆ ಇಳಿದು, ಇಳಿಜಾರು ಹಿಡಿದು ಹಳ್ಳಕ್ಕೆ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಹೊಲ ತೊಳೆದು ಬರುತ್ತದೆ. ಇಷ್ಟೇ. ಆದರೆ ಅವರಿಗೆ ಪೈಪಿನ ಆರಂಭಕ್ಕಿಂತ ಅದರ ಕೊನೆಯ ಚಿಂತೆ ಹೆಚ್ಚು.

ಒಮ್ಮೆ ಬೆಳಗಾವಿಯಲ್ಲಿ ಒಂದು ವಿಚಾರ ಸಂಕಿರಣ. ದೊಡ್ಡ ಪರಿಣತರೊಬ್ಬರು ದೇಶದ ಮುಂದಿರುವ ಸವಾಲುಗಳ ಬಗ್ಗೆ ಮಾತಾಡಿದರು. ಅನ್ನ, ನೀರು, ಮಣ್ಣು ಮೂರಕ್ಕೂ ತಂತ್ರಜ್ಞಾನವೇ ಉತ್ತರ ಎಂದು ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಿದರು. ಮೇಡಂ ಹಿಂದಿನ ಸಾಲಿನಿಂದ ಎದ್ದು ನಿಂತರು.

"ಸರ್, ನಿಮ್ಮ ನಕ್ಷಾದಾಗ ಈ ನೀರ ಕಡೀಕ ಎಲ್ಲಿ ಬೀಳತೈತ್ರಿ?"

ಅವರು ಪರದೆಯ ಅಂಚಿನಲ್ಲಿದ್ದ ಬಾಣದ ಗುರುತು ತೋರಿಸಿದರು.

"ಬಾಣ ಅಲ್ಲಿಗೆ ನಿಂತೈತ್ರಿ. ನೀರ ನಿಂದ್ರೂದಿಲ್ಲ. ಬಾಣದ ಮುಂದ ಯಾರದೋ ಹೊಲಾ ಇರತೈತಲ್ರಿ."

ಸಭೆ ನಕ್ಕಿತು. ಮೇಡಂ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ.

ಆ ದಿನ ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ನಾನು ಬಹಳ ಹುರುಪಿನಲ್ಲಿದ್ದೆ. ತಂತ್ರಜ್ಞಾನದಿಂದ ದೇಶ ಉದ್ಧಾರವಾಗುವುದು ಸುಳ್ಳು, ಇದೆಲ್ಲ ಅಧಿಕಾರದ ಪ್ರಶ್ನೆ, ನೀರು ಯಾರ ಕೈಯಲ್ಲಿದೆಯೋ ಅವರೇ ಎಲ್ಲವನ್ನೂ ತೀರ್ಮಾನಿಸುತ್ತಾರೆ ಎಂದು ಪುಸ್ತಕದ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿದರು.

"ನೀರಿಗೆ ಜಾತಿ ಇಲ್ಲಂತಾರಲ್ರಿ, ಖರೆ. ಆದ್ರ ಇಳಿಜಾರ ಐತಿ. ಇಳಿಜಾರಿನ ಕೆಳಗ ಯಾರ ಅದಾರ ಅನ್ನೂದನ್ನ ನಾವೂ ನೀವೂ ಕೂಡೇ ನೋಡಬೇಕ್ರಿ. ನಾವು ಬರೇ ಪೈಪ್ ಹಾಕತೇವಿ, ನೀವು ಬರೇ ಬೈತೀರಿ."

ಮೇಡಂ ಬೌದ್ಧರಾದ ದಲಿತ ಮನೆತನದವರು. ಇಳಿಜಾರಿನ ಕೆಳಗೆ ಯಾರಿರುತ್ತಾರೆ ಎಂಬುದು ಅವರಿಗೆ ಪುಸ್ತಕದಿಂದ ಗೊತ್ತಾಗಬೇಕಾಗಿರಲಿಲ್ಲ.

ಅವರ ತಾಯಿಯ ತವರು ಮೂಡಲಗಿ ಕಡೆಯ ಒಂದು ಹಳ್ಳಿ. ಹೆಸರು ಬೇಡ. ಪೈಪಿನ ಕೆಲಸ ಅದೇ ಹಳ್ಳಿಯಲ್ಲಿ, ಅದೂ ಸಿದಗೌಡರ ಹೊಲದಲ್ಲಿ ಶುರುವಾಯಿತು. ಗೌಡರದು ಮೇಲ್ಗಡೆಯ ದೊಡ್ಡ ಹೊಲ, ಮುಕ್ಕಾಲು ಭಾಗ ಬೆಳ್ಳಗಾಗಿ ಕೂತಿತ್ತು. ನಾವು ಮೊದಲ ಸಲ ಹೋದಾಗ ಅವರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿದರು.

"ಬರ್ರಿ ಬಾಯಾರ, ಕುಂಡ್ರ್ರಿ. ನೀವು ನಮ್ಮ ಊರ ಮೊಮ್ಮಗಳು ಅಂತಲ್ಲ? ನಿಮ್ಮವ್ವ ನಮ್ಮ ಹೊಲದಾಗ ಕಸಾ ತಗ್ಯಾಕ ಬರ್ತಿದ್ಲು..." ಎಂದವರು ತಡವರಿಸಿ, "ಬರ್ತಿದ್ರು" ಎಂದು ಸರಿಪಡಿಸಿಕೊಂಡರು.

"ಹೌದ್ರಿ ಗೌಡ್ರ. ಅವ್ವ ಕಸಾ ತಗದಾಳ. ನಾ ಉಪ್ಪ ತಗ್ಯಾಕ ಬಂದೇನಿ."

ಗೌಡರು ದೊಡ್ಡದಾಗಿ ನಕ್ಕರು. ಮೇಡಂ ಚಹಾ ಕುಡಿದರು. ಕಪ್ಪು ಹಿಡಿದ ಅವರ ಕೈ ನಡುಗುತ್ತಿತ್ತೇ? ನಡುಗುತ್ತಿತ್ತು ಎಂದು ಬರೆಯುವ ಆಸೆಯಾಗುತ್ತಿದೆ. ನಾನು ನೋಡಿರಲಿಲ್ಲ.

ಗೌಡರ ಹೊಲದ ಕೆಳಗೆ, ಹಳ್ಳಕ್ಕೆ ತಾಗಿಕೊಂಡು, ಗಂಗವ್ವನವರ ಹೊಲ. ಗಂಗವ್ವ, ಮೇಡಂ ಅವರ ಸೋದರಮಾವನ ಹೆಂಡತಿ, ಅಂದರೆ ಅತ್ತಿ. ಮಾವ ತೀರಿಹೋಗಿದ್ದರು. ಕಾಲುವೆಯ ನೀರು ಅಲ್ಲಿಗೆ ಮುಟ್ಟುವುದೇ ಇಲ್ಲ, ಮೇಲಿನವರೇ ಮುಗಿಸಿಬಿಡುತ್ತಾರೆ. ಮಳೆ ಬಂದರೆ ಬೆಳೆ. ಪೈಪಿನ ಬಾಯಿ ತೆರೆದದ್ದು ಈ ಹೊಲದ ಬದುವಿನ ಪಕ್ಕದಲ್ಲೇ. ಮೊದಲ ನೀರು ಬಿದ್ದ ದಿನ ಗೌಡರು ತೆಂಗಿನಕಾಯಿ ಒಡೆದರು, ಊರ ಹೆಂಗಸರು ಅರಿಷಿಣ ಕುಂಕುಮ ಹಾಕಿದರು. ಗಂಗವ್ವ ಮಾತ್ರ ದೂರ ನಿಂತು ಆ ನೀರನ್ನೇ ನೋಡುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಗೌಡರ ಹೊಲದ ಬಿಳುಪು ತೆಳುವಾಯಿತು. ಪತ್ರಿಕೆಯವರು ಬಂದರು. ನನ್ನ ವರದಿಯಲ್ಲಿ ನಾನೂ 'ಯಶಸ್ವಿ' ಎಂಬ ಪದ ಬಳಸಿದೆ.

ಅದರಾಚೆಯ ಬೇಸಿಗೆಯಲ್ಲಿ ಗೌಡರ ಫೋನು ಬಂತು. ಮೇಡಂ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಬಾಯಾರ, ಹೊಲಾ ಮತ್ತ ಜವಳ ಹಿಡ್ಯಾಕತ್ತೈತಿ. ಕೆಳಗ ಪೈಪ್ ಮುಚ್ಚ್ಯಾರ. ನಿಮ್ಮವರ ಮುಚ್ಚ್ಯಾರ್ರಿ."

ನಿಮ್ಮವರು. ಮೇಡಂ ಚೀಲ ತೆಗೆದುಕೊಂಡರು.

ಪೈಪಿನ ಬಾಯಿಗೆ ಮಣ್ಣು ತುಂಬಿದ ಗೋಣಿಚೀಲ, ಸಂದಿಗೆ ಹಳೆಯ ಸೀರೆಯ ಚಿಂದಿ. ನೀರು ಹಿಂದಕ್ಕೆ ಒತ್ತಿ, ಪೈಪಿನ ಕೊನೆಗೆ ಕಟ್ಟಿದ್ದ ಸಿಮೆಂಟಿನ ತೊಟ್ಟಿಯಿಂದ ಉಕ್ಕಿ, ಹೊಸದಾಗಿ ತೋಡಿದ ಸಾಲಿನಲ್ಲಿ ಗಂಗವ್ವನವರ ಹೊಲಕ್ಕೆ ಹೋಗುತ್ತಿತ್ತು. ಅಲ್ಲಿ ಗೋವಿನಜೋಳ ಮೊಣಕಾಲುದ್ದ, ಹಸಿರಾಗಿ ನಿಂತಿತ್ತು. ಬೇಸಿಗೆಯಲ್ಲಿ ಆ ಹೊಲ ಹಸಿರಾದದ್ದನ್ನು ಊರು ಕಂಡೇ ಇರಲಿಲ್ಲ. ಗಂಗವ್ವ ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿದ್ದರು. ಮುಚ್ಚಿಡುವ, ಸುಳ್ಳು ಹೇಳುವ ಯಾವ ಲಕ್ಷಣವೂ ಇರಲಿಲ್ಲ.

"ನಾನ ಮುಚ್ಚೇನಿ. ಬಂದ ನೀರ ಹಳ್ಳಕ್ಕ ಬಿಡೂದಂದ್ರ ಉಣ್ಣೂ ಗಂಗಾಳ ಒದ್ದಂಗ."

"ಅತ್ತಿ, ಅದು ಉಪ್ಪಿನ ನೀರ. ಈಗ ಹಸರ ಕಾಣತೈತಿ. ನಾಳೆ ನಿನ್ನ ಹೊಲಾನೂ ಗೌಡ್ರ ಹೊಲದಂಗ ಬೆಳ್ಳಗಾಗತೈತಿ."

"ಉಪ್ಪರ ಇರ್ಲಿ, ನೀರಂತೂ ಐತೆಲ್ಲ. ಏ ಸುಜಿ, ಅವರ ಹೊಲಾ ಒಣಗಿಸಿದಿ. ನನ್ನ ಹೊಲಾ ತೋಯ್ಸಾಕ ಆಗೂದಿಲ್ಲೇನ ನಿನಗ?"

ಇಲ್ಲಿ ನನ್ನ ನೆನಪು ಎರಡಾಗಿ ಸೀಳಿದೆ. ಒಂದರಲ್ಲಿ, ಈ ಮಾತು ಕೇಳಿ ಮೇಡಂ ಪೈಪಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂರುತ್ತಾರೆ. ಇನ್ನೊಂದರಲ್ಲಿ, ಅತ್ತಿ ಮಾತಾಡುತ್ತಿರುವಾಗಲೇ ಅವರು ಎರಡೂ ಕೈಗಳಿಂದ ಗೋಣಿಚೀಲ ಎಳೆಯುತ್ತಿರುತ್ತಾರೆ, ತಿರುಗಿಯೂ ನೋಡುವುದಿಲ್ಲ. ಮೊದಲನೆಯದು ನನಗೆ ಹೆಚ್ಚು ಇಷ್ಟ. ಆದ್ದರಿಂದಲೇ ಅದರ ಮೇಲೆ ಅನುಮಾನ. ಚೀಲ ಹೊರಗೆ ಬಂದದ್ದು, ನೀರು ಭರ್ರನೆ ಹಳ್ಳಕ್ಕೆ ಬಿದ್ದದ್ದು, ಗಂಗವ್ವ ಸಲಿಕೆಯನ್ನು ನೆಲಕ್ಕೆ ಕುಕ್ಕಿದ್ದು ನಿಜ. ನನಗೆ ಒಳಗೊಳಗೇ ಒಂದು ಗೆಲುವಿನ ಭಾವ ಬಂದದ್ದೂ ನಿಜ. ನಾನು ಹೇಳಿದಂತೆಯೇ ಆಗಿತ್ತಲ್ಲ. ದಾರಿಯಲ್ಲಿ ಅದನ್ನೇ ಅಂದೆ.

"ನೋಡ್ರಿ ಮೇಡಂ, ನಿಮ್ಮ ಪೈಪ್ ಗೌಡ್ರನ್ನ ಉಳಸ್ತು. ಕೆಳಗಿನವರು ಎಲ್ಲಿದ್ರೋ ಅಲ್ಲೇ."

"ಹೌದ್ರಿ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಅದಕ್ಕ ಪೈಪ್ ಕಿತ್ತ ಒಗೀಬೇಕೋ, ಮತ್ತ ನೋಡಬೇಕೋ?" ಎಂದರು.

ಮತ್ತೆ ನೋಡಿದರು. ಪೈಪಿನ ನೀರು ವರ್ಷವೆಲ್ಲ ಒಂದೇ ರೀತಿ ಇರುವುದಿಲ್ಲ. ಹೊಲ ತೊಳೆದುಕೊಂಡಂತೆ ನೀರು ಕೆಲವು ತಿಂಗಳು ಸಪ್ಪಗಾಗುತ್ತದೆ, ಬೆಳೆಗೆ ನಡೆಯುತ್ತದೆ. ಮತ್ತೆ ಕೆಲವು ಸಲ ಉಪ್ಪು ಏರುತ್ತದೆ. ಹಾಗಾದರೆ ಪೈಪಿನ ಬಾಯಿಗೆ ಒಂದು ಬಾಗಿಲು ಬೇಕು. ಸಪ್ಪಗಿದ್ದಾಗ ಕೆಲವು ದಿನ ಮುಚ್ಚಿ ಗಂಗವ್ವನವರ ಹೊಲಕ್ಕೆ ತಿರುಗಿಸುವುದು, ಉಪ್ಪಿದ್ದಾಗ ತೆರೆದು ಹಳ್ಳಕ್ಕೆ ಬಿಡುವುದು. ಮೂಡಲಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಮುಚ್ಚಳ, ಮೇಲೆತ್ತಿ ಇಳಿಸಲು ಒಂದು ಚಕ್ರ, ಚಕ್ರಕ್ಕೆ ಬೀಗ ಮಾಡಿಸಿದರು. ಕೀಲಿಯನ್ನು ಗಂಗವ್ವನವರ ಕೈಗೆ ಕೊಟ್ಟರು. ಗೌಡರಿಗೆ ಸಿಟ್ಟು ಬಂತು.

"ನಮ್ಮ ಹೊಲದ ನೀರಿನ ಕೀಲಿ ಆಕಿ ಕೈಯಾಗ ಕೊಡೂದೇನ್ರಿ?"

"ನಿಮ್ಮ ಹೊಲದ ಉಪ್ಪು ಆಕಿ ಹೊಲದ ಬಾಜೂ ಬೀಳತೈತ್ರಿ ಗೌಡ್ರ. ಕೀಲಿ ಬ್ಯಾಡಂದ್ರ ಉಪ್ಪು ನೀವ ಇಟ್ಟಕೋರಿ."

ಗೌಡರು ತಿರುಗಿ ಹೊರಟರು, ಒಪ್ಪಿದರೆಂದು ಹೇಳಲಾರೆ. ಎಷ್ಟು ದಿನ ಮುಚ್ಚಬಹುದು ಎಂದು ಮೇಡಂ ಲೆಕ್ಕ ಹಾಕಿ ಇಬ್ಬರಿಗೂ ತಿಳಿಸಿದರು. ಆದರೆ ಮುಚ್ಚಬೇಕೋ ತೆರೆಯಬೇಕೋ ಎಂಬುದನ್ನು ಪ್ರತಿ ಸಲ ನೀರು ನೋಡಿಯೇ ಹೇಳಬೇಕಾಗಿತ್ತು. "ನೀನ ಕುಡದ ನೋಡ ಅತ್ತಿ, ಕಲಸ್ತೇನಿ" ಎಂದರೆ ಗಂಗವ್ವ ಒಪ್ಪಲಿಲ್ಲ. "ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ನನ್ನ ಬಾಯಿ ಸುಟ್ಟೈತಿ. ಮತ್ತ ನನ್ನ ಹೊಲಾ ನನ್ನ ಕಣ್ಣ ಮುಂದ ಬಾಡಾಕತ್ತಿದ್ರ, ಸಮುದ್ರದ ನೀರೂ ನನಗ ಸಿಹೀನ ಹತ್ತತೈತಿ. ನೀನ ನೋಡಿ ಹೇಳು." ಹಾಗಾಗಿ ಬೇಸಿಗೆಯಲ್ಲಿ ಮೇಡಂ ಬಿಡುವಾದಾಗಲೆಲ್ಲ ಹುಕ್ಕೇರಿಯಿಂದ ಬಂದು, ನೀರು ನಾಲಿಗೆಗೆ ಹಚ್ಚಿ, ಬಾಯಿ ತೊಳೆದು, ಮತ್ತೆ ಹಚ್ಚಿ, ಕೊನೆಗೆ ಮೀಟರು ಅದ್ದಿ, ಹೇಳಿ ಹೋಗುತ್ತಿದ್ದರು. ಒಂದು ಬೇಸಿಗೆ ಹೀಗೆ ನಡೆಯಿತು. ಆ ವರ್ಷ ಗಂಗವ್ವ ನನಗೆ ಸುಟ್ಟ ಗೋವಿನಜೋಳದ ತೆನೆ ಕೊಟ್ಟರು.

ಆಮೇಲೆ ಮೇಡಂ ಹೊಟ್ಟೆನೋವು ಎಂದು ರಜೆ ಹಾಕಿದರು. ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅವರ ಜಾಗಕ್ಕೆ ಬಂದ ಅಧಿಕಾರಿಗೆ ಬೇರೆ ಮೂರು ತಾಲೂಕುಗಳ ಹೊಣೆ ಇತ್ತು. ಮೀಟರು ಕಪಾಟಿಗೆ ಹೋಯಿತು, ನನ್ನ ಕೆಲಸವೂ ಮುಗಿಯಿತು. ಮುಂದಿನ ಬೇಸಿಗೆ ಬಂದಾಗ ಅದನ್ನು ಕೇಳಿ ನಾನು ಕಚೇರಿಗೆ ಹೋದೆ. ಹೊರಗಿನವರಿಗೆ ಕೊಡುವಂತಿಲ್ಲ ಎಂದರು. ಗಂಗವ್ವನ ಗೋವಿನಜೋಳ ಮತ್ತೆ ಮೊಣಕಾಲಿಗೆ ಬಂದು ಎಲೆ ಸುರುಟಿಕೊಳ್ಳುತ್ತಿತ್ತು. ಬಾಗಿಲು ಮುಚ್ಚಲೋ ಬೇಡವೋ ಎಂದು ಅವರು ನನ್ನ ಬೆನ್ನು ಹತ್ತಿದ್ದರು. ಮೇಡಂಗೆ ಫೋನು ಮಾಡಿದೆ.

"ಒಂದ ಬಾಟಲಿ ನೀರ ತುಂಬಕೊಂಡ ಬರ್ರಿ" ಎಂದರು.

ಹುಕ್ಕೇರಿಯ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಮಂಚ. ಮೇಡಂ ಅರ್ಧಕ್ಕರ್ಧ ಇಳಿದುಹೋಗಿದ್ದರು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಬಿಳಿಯದೇ ಎಂದು ನನ್ನ ನೆನಪು. ಬಾಟಲಿ ಕೊಟ್ಟೆ. ಮೊದಲು ಲೋಟದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಟ್ಟಲಿಗೆ ಉಗುಳಿದರು. ಬಾಟಲಿಯ ನೀರನ್ನು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದರು. ಮತ್ತೆ ಮುಕ್ಕಳಿಸಿದರು. ಮತ್ತೆ ಹಚ್ಚಿದರು. ಕಣ್ಣು ತೆರೆದಾಗ ಅವರ ಮುಖದಲ್ಲಿ ಅದುವರೆಗೆ ನಾನು ಕಾಣದ ಒಂದು ಗಾಬರಿ ಇತ್ತು. ಇದು ಮಾತ್ರ ನನ್ನ ಕಲ್ಪನೆಯಲ್ಲ, ಇಷ್ಟನ್ನಾದರೂ ನಾನು ಆಣೆ ಮಾಡಿ ಹೇಳಬಲ್ಲೆ.

"ಏನೂ ಹತ್ತವಲ್ದ್ರಿ ಸರ್. ಈ ಔಷಧದಾಗ ಬಾಯಿ ಸತ್ತ ಹೋಗೇತಿ. ಅನ್ನ, ಸಾರು, ಮಣ್ಣು, ಎಲ್ಲಾ ಒಂದ." ಬಾಟಲಿಯನ್ನು ನನ್ನ ಕಡೆ ಚಾಚಿದರು. "ನೀವು ನೋಡ್ರಿ."

"ನಾನೇನ ನೋಡ್ಲಿರಿ ಮೇಡಂ? ನನಗ ಇದೆಲ್ಲಾ ರೂಢಿ ಇಲ್ಲ."

"ಇಷ್ಟ ವರ್ಷ ಎಲ್ಲಾದಕ್ಕೂ ಅನುಮಾನ ಪಟ್ಟೀರಿ. ಇವತ್ತ ಒಂದ ನೋಡಿ ಹೇಳ್ರಿ."

ಕುಡಿದೆ. ನಾಲಿಗೆಯ ಅಂಚಿಗೆ ಏನೋ ತಾಗಿದಂತಾಯಿತು, ತಾಗಲಿಲ್ಲ ಎಂದೂ ಆಯಿತು. ಬಸ್ ನಿಲ್ದಾಣದಲ್ಲಿ ಕುಡಿದ ಚಹಾ ಬಾಯಲ್ಲಿ ಇನ್ನೂ ಇತ್ತು.

"ಜರಾ ಉಪ್ಪ ಅನ್ನಸ್ತೈತ್ರಿ. ಖಾತ್ರಿ ಇಲ್ಲ."

ಅವರು ಗೋಡೆಗೆ ಒರಗಿದರು. ಗಂಗವ್ವನ ಜೋಳ ಎಷ್ಟೆತ್ತರ ಬಂದಿದೆ ಎಂದು ಕೇಳಿದರು. ಹೇಳಿದೆ. ಇನ್ನೊಂದು ನೀರು ಸಿಕ್ಕರೆ ತೆನೆ ಕಟ್ಟುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

"ಖಾತ್ರಿ ಇಲ್ಲಂದ್ರ ತೆರದ ಇಡಂತ ಹೇಳ್ರಿ ಅತ್ತಿಗೆ. ಒಂದ ಬೆಳಿ ಹೋದ್ರ ಮತ್ತೊಂದ ಬರತೈತಿ. ನೆಲ ಹೋದ್ರ..." ಎಂದು ನಿಲ್ಲಿಸಿದರು. ಕೆಮ್ಮು ಬಂತೋ, ಮಾತೇ ಅಷ್ಟಿತ್ತೋ ತಿಳಿಯದು. ನಾನು ಏಳುವಾಗ ಬಾಟಲಿಯನ್ನು ಕಿಟಕಿಯ ಮೇಲೆ ಇಡಲು ಹೇಳಿದರು. "ಇರ್ಲಿ. ನಾಳೆ ಮತ್ತ ನೋಡ್ತೇನಿ."

ಆ ವಾರವೇ ಅವರು ತೀರಿಕೊಂಡರು. ನಾನು ಮತ್ತೆ ಹುಕ್ಕೇರಿಗೆ ಹೋದದ್ದು ಅವರ ಅಂತ್ಯಕ್ರಿಯೆಗೆ. ಕಿಟಕಿಯ ಮೇಲೆ ಬಾಟಲಿ ಇತ್ತೇ, ಅದರಲ್ಲಿ ನೀರು ಕಡಿಮೆಯಾಗಿತ್ತೇ ಎಂದು ನೋಡಲು ಮರೆತೆ.

ಗಂಗವ್ವನೂ ಬಂದಿದ್ದರು. ಮರಳುವಾಗ ಅವರನ್ನು ಊರಿಗೆ ಬಿಡಲು ನಾನೇ ಜೊತೆಗೆ ಹೋದೆ. ಅವರು ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದರು. ಸಂಜೆ ಬಿಸಿಲು ಇನ್ನೂ ಇತ್ತು. ಪೈಪಿನ ನೀರು ಹಳ್ಳಕ್ಕೆ ಬೀಳುತ್ತಿತ್ತು. ಬದುವಿನ ಈಚೆಗೆ ಜೋಳದ ಎಲೆಗಳು ಸುರುಟಿ ನಿಂತಿದ್ದವು. ಗಂಗವ್ವ ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿ ಚಕ್ರದ ಬೀಗ ತೆಗೆದರು.

"ಸುಜಿ ಕಡೀಕ ಏನಂದ್ಲರಿ ಮಾಸ್ತರ?"

"ತೆರದ ಇಡಂತ ಹೇಳ್ಯಾರ."

"ಆಕಿ ಕುಡದ ನೋಡಿದ್ಲೇನ್ರಿ?"

"ನೋಡಿದ್ರು. ಅವರಿಗೆ ರುಚಿ ಹತ್ತಲಿಲ್ಲ. ಆಮ್ಯಾಲ ನಾನು ಕುಡದ ನೋಡಿದೆ. ಉಪ್ಪ ಅನಿಸ್ತು. ಖಾತ್ರಿ ಇಲ್ಲಂದೆ. ಖಾತ್ರಿ ಇಲ್ಲಂದ್ರ ತೆರದ ಇರ್ಲಿ ಅಂದ್ರು."

ಗಂಗವ್ವ ನನ್ನ ಕಡೆ ತಿರುಗಿದರು. ಬೆಳಗಿನಿಂದ ಅತ್ತ ಕಣ್ಣು, ಈಗ ಅದರಲ್ಲಿ ನೀರಿರಲಿಲ್ಲ.

"ನೀ ನೋಡಿದ್ದ? ಏ ಮಾಸ್ತರ, ನಿನ್ನ ಬಾಯಿ ಮ್ಯಾಲ ನನ್ನ ಹೊಲಾ ಒಣಗಸ್ಲೇನ ನಾ?"

ವಿಶ್ವವಿದ್ಯಾಲಯದಲ್ಲಿ ಕಲಿತದ್ದೆಲ್ಲ ಬೇರೆಯವರ ಉತ್ತರಗಳನ್ನು ಮುರಿಯುವುದಕ್ಕೇ ಆಗಿತ್ತು. ಮೇಲೆ ಗೌಡರ ಹೊಲದಲ್ಲಿ ಕಬ್ಬು ಗಾಳಿಗೆ ಸದ್ದು ಮಾಡುತ್ತಿತ್ತು.

ಗಂಗವ್ವ ತಮ್ಮ ಕೈಚೀಲದಿಂದ, ಹುಕ್ಕೇರಿಯಿಂದ ತಂದಿದ್ದ ಕುಡಿಯುವ ನೀರಿನ ಬಾಟಲಿ ತೆಗೆದು ನನ್ನ ಎದೆಗೆ ಹಿಡಿದರು.

"ಬಾಯಿ ತೊಳಕೋ. ಮತ್ತ ನೋಡು."

ಮುಕ್ಕಳಿಸಿ ಉಗುಳಿದೆ. ಪೈಪಿನ ಬಾಯಿಗೆ ಬಗ್ಗಿ ಬೊಗಸೆ ಒಡ್ಡಿದೆ. ನೀರು ತಣ್ಣಗಿತ್ತು. ಗಂಗವ್ವ ಎರಡೂ ಕೈಗಳನ್ನು ಚಕ್ರದ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.